ಹಡಗಿನಿಂದಿಳಿದು ಉಂಡ ಊಟಗಳು

ಸಭೆಯ ಹಿರಿಯರಿಗೂ ಕಿರಿಯರಿಗೂ, ಬೈತಕೋಲ, ಸದಾಶಿವಗಡ, ಮಾಜಾಳಿ, ಚೆಂಡಿಯಾ ಕಡೆಗಳಿಂದ ಬಂದಿರುವ ನನ್ನ ಹಳೆಯ ಹಡಗಿನ ಒಡನಾಡಿಗಳಿಗೂ ನಮಸ್ಕಾರ. 1974ರಲ್ಲಿ ಡೆಕ್ಕಿನ ಖಲಾಸಿಯಾಗಿ ಹಡಗು ಹತ್ತಿ, ಮುಂದೆ ಸುಕ್ಕಾಣಿ ಹಿಡಿದು, ಕೊನೆಗೆ ಡೆಕ್ಕಿನ ಖಲಾಸಿಗಳ ಮುಖ್ಯಸ್ಥನಾದ ಸಾರಂಗನಾಗಿ 2006ರಲ್ಲಿ ಇಳಿದ ನಾನು ಬಿರುಗಾಳಿಯ ಕಥೆ ಹೇಳುವೆನೆಂದು ನೀವು ಎಣಿಸಿರಬಹುದು. ಆದರೆ ನಾವು ನಾಲ್ಕಾರು ಹಳಬರು ಸಂಜೆ ಕಾರವಾರದ ಟಾಗೋರ್ ಕಡಲತೀರದಲ್ಲಿ ಕೂತಾಗ ಮಾತು ಬಿರುಗಾಳಿಯ ಕಡೆಗೆ ಹೋಗುವುದು ಅಪರೂಪ. ಅದು ತಾನಾಗಿ ಊಟದ ಕಡೆಗೆ ಹರಿಯುತ್ತದೆ. ಯಾವ ಬಂದರಿನಲ್ಲಿ, ಯಾವ ಬೀದಿಯಲ್ಲಿ, ಯಾರ ಅಂಗಡಿಯಲ್ಲಿ ಏನು ಉಂಡೆವು ಎಂಬುದನ್ನು ನಲವತ್ತು ವರ್ಷಗಳ ನಂತರವೂ ನಾವು ಒಬ್ಬರನ್ನೊಬ್ಬರು ತಿದ್ದುತ್ತಾ ಹೇಳಿಕೊಳ್ಳುತ್ತೇವೆ. ಇಂದು ಆ ಮಾತನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹಡಗಿನ ಹಸಿವು ಎಂಥದೆಂದು ಹೇಳಬೇಕು. ನಮ್ಮ ಕರಾವಳಿಯಲ್ಲಿ ಭಂಡಾರಿ ಎಂದರೆ ಒಂದು ಸಮುದಾಯದ ಹೆಸರು, ಹಡಗಿನಲ್ಲಿ ಭಂಡಾರಿ ಎಂದರೆ ಅಡುಗೆಯವನು. ಭಂಡಾರಿ ಎಷ್ಟು ಕೈಪಳಗಿದವನಾದರೂ ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ಸೊಪ್ಪು ಮುಗಿದು, ಟೊಮೆಟೊ ಮುಗಿದು, ಉಳಿಯುವುದು ಬಟಾಟೆ, ಬೇಳೆ ಮತ್ತು ಶೀತಕೋಣೆಯಲ್ಲಿ ಕಲ್ಲಾದ ಮಾಂಸ. ಸುತ್ತಲೂ ಸಮುದ್ರವಿದ್ದೂ ತಾಜಾ ಮೀನು ಇಲ್ಲದ ಊಟ ಮಾಡುವುದು ಬಾಂಗಡೆ, ತಾರ್ಲೆ ತಿಂದು ಬೆಳೆದವನಿಗೆ ಎಂಥ ಕಷ್ಟ ಎಂಬುದು ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ತಾಯಿ ಪ್ರತಿ ಸಲವೂ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಒಣಗಿದ ತಿರ್ಫಳ, ಅಂದರೆ ನಾವು ಮೀನಿನ ಸಾರಿಗೆ ಹಾಕುವ ಘಮದ ಕಾಯಿ, ತುಂಬಿ ಕೊಡುತ್ತಿದ್ದಳು. ಮೀನೇ ಇಲ್ಲದ ದಿನಗಳಲ್ಲಿ ನಾನು ಮುಚ್ಚಳ ತೆಗೆದು ಅದರ ವಾಸನೆ ನೋಡಿ ಮತ್ತೆ ಮುಚ್ಚಿಡುತ್ತಿದ್ದೆ.

ಇಂಥ ಹಸಿವು ಹೊತ್ತು ಇಳಿದವನಿಗೆ ಪ್ರಿಯವಾಗುವ ಊಟದ ಮನೆ ಆ ಊರಿನ ಹೆಸರುವಾಸಿ ಹೋಟೆಲೇ ಆಗಬೇಕೆಂದಿಲ್ಲ. ಬಂದರಿನ ಗೇಟಿನಿಂದ ಕಾಲ್ನಡಿಗೆಯಲ್ಲೋ ಒಂದು ಬಸ್ಸಿನಲ್ಲೋ ತಲುಪುವಂತಿರಬೇಕು, ಉಂಡು ವಾಚಿನ, ಅಂದರೆ ನಮ್ಮ ಪಾಳಿಯ, ಹೊತ್ತಿಗೆ ಮರಳುವಂತಿರಬೇಕು, ಅನ್ನ ಅಥವಾ ಅನ್ನದಷ್ಟೇ ಹೊಟ್ಟೆ ತುಂಬುವ ಏನಾದರೂ ಸಿಗಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹೋದ ಸಲದ ಮುಖವನ್ನು ಅಲ್ಲಿಯವರು ನೆನಪಿಟ್ಟಿರಬೇಕು. ಎಂಟು ತಿಂಗಳ ನಂತರ ಹೋದವನಿಗೆ ‘ಬಹಳ ದಿನವಾಯಿತಲ್ಲ’ ಎಂದು ಒಬ್ಬ ಮಾಣಿ ಹೇಳಿದರೆ ಪರದೇಶದ ಆ ಬೀದಿ ಅರ್ಧ ಊರಾಗಿಬಿಡುತ್ತದೆ.

ನಮ್ಮೆಲ್ಲರ ಮೊದಲ ಬಂದರು ಮುಂಬೈ. ಹಡಗು ಸಿಗುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಲ್ಲಿ ಕಾಯಬೇಕಿತ್ತು. ಗೋವೆಯ ಹಳ್ಳಿಗಳವರಿಗೆ ಧೋಬಿ ತಲಾವ್ ಸುತ್ತಮುತ್ತ ತಮ್ಮ ತಮ್ಮ ಊರಿನ ಕೂಡ್‌ಗಳೆಂಬ ವಸತಿಮನೆಗಳಿದ್ದವು, ಕಾರವಾರದ ನಾವು ಪರಿಚಯದವರ ಕೋಣೆಗಳಲ್ಲಿ ಚಾಪೆ ಹಾಸುತ್ತಿದ್ದೆವು. ಅಲ್ಲಿನ ಇರಾನಿ ಹೋಟೆಲುಗಳಲ್ಲಿ, ಅದರಲ್ಲೂ 1904ರಿಂದ ನಡೆಯುತ್ತಿರುವ ಕ್ಯಾನಿಯಲ್ಲಿ, ಗಟ್ಟಿ ಬ್ರುನ್ ಪಾವಿಗೆ ಮಸ್ಕಾ ಸವರಿಸಿಕೊಂಡು ಚಹಾದಲ್ಲಿ ಅದ್ದಿ ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೇಳುತ್ತಿರಲಿಲ್ಲ. ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದು. ಸುತ್ತಲೂ ಹಡಗು ಕಂಪನಿಗಳ ಕಚೇರಿಗಳಿದ್ದುದರಿಂದ ಅದರ ಹೆಸರು ನಮಗೆ ಮೊದಲ ದಿನದಿಂದಲೇ ಗೊತ್ತಿತ್ತು. ಒಳಗೆ ಕೂತು ಉಂಡದ್ದು ಮಾತ್ರ ಸಾರಂಗನಾದ ಮೇಲೆ.

ಸಿಂಗಪುರದಲ್ಲಿ ಹಡಗು ಹೊರಗೆ ಲಂಗರು ಹಾಕಿದರೆ ಲಾಂಚ್ ನಮ್ಮನ್ನು ಕ್ಲಿಫರ್ಡ್ ಪಿಯರ್‌ಗೆ ತಂದು ಬಿಡುತ್ತಿತ್ತು. ಅಲ್ಲಿಂದ ಗುಂಪು ಎರಡಾಗುತ್ತಿತ್ತು. ಮಾಂಸ ತಿನ್ನುವವರು ಸುಲ್ತಾನ್ ಮಸೀದಿಯ ಎದುರಿನ, 1908ರಷ್ಟು ಹಳೆಯದಾದ ಜಮ್ ಜಮ್‌ಗೆ ಹೋಗಿ ಮುರ್ತಬಾಕ್ ತಿನ್ನುತ್ತಿದ್ದರು. ಹಿಟ್ಟನ್ನು ಬೀಸಿ ಬೀಸಿ ಬಟ್ಟೆಯಂತೆ ತೆಳುವಾಗಿಸಿ, ಕೈಮಾ, ಮೊಟ್ಟೆ, ಈರುಳ್ಳಿ ಸುರಿದು ಲಕೋಟೆಯಂತೆ ಮಡಿಸುವ ಆ ಕೈಗಳನ್ನು ನೋಡುವುದೇ ಒಂದು ಸುಖ. ಶಿರಸಿ ಕಡೆಯ ರೇಡಿಯೊ ಅಧಿಕಾರಿಯೊಬ್ಬರು ಮಾತ್ರ ನೇರವಾಗಿ ಸೆರಂಗೂನ್ ರಸ್ತೆಯ ಕೋಮಳ ವಿಲಾಸಕ್ಕೆ ನಡೆಯುತ್ತಿದ್ದರು. 1947ರಲ್ಲಿ ಶುರುವಾದ ಆ ಸಸ್ಯಾಹಾರಿ ಮನೆಯಲ್ಲಿ ಬಾಳೆಲೆಯ ಊಟ ಮುಗಿಸಿ, ಇನ್ನೊಂದು ಲೋಟ ಸಾರು ಕೇಳಿ ಪಡೆದು, ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ‘ಅಪ್ಪೆಹುಳಿ ಅಲ್ಲ, ಆದರೂ ಹುಳಿ ಹುಳಿಯೇ’ ಎಂದು ಅವರು ಹೇಳಿದ್ದು ನನಗೆ ಇಂದಿಗೂ ಕೇಳಿಸುತ್ತದೆ. ಉಪಗ್ರಹ ಸಂಪರ್ಕ ಬಂದು 1999ರ ಹೊತ್ತಿಗೆ ಅವರ ಹುದ್ದೆಯೇ ಹಡಗುಗಳಿಂದ ಬಹುತೇಕ ಇಲ್ಲವಾಯಿತು.

ನನ್ನ ಮಟ್ಟಿಗೆ ಎಲ್ಲ ಬಂದರುಗಳಿಗೂ ಮಿಗಿಲಾದ ಊಟ ಮಲೇಷ್ಯಾದ ಪೆನಾಂಗಿನದು. ಬಟರ್‌ವರ್ತ್ ಕಡೆ ಹಡಗು ಕಟ್ಟಿದರೆ ಫೆರಿ ಹಿಡಿದು ಜಾರ್ಜ್‌ಟೌನಿಗೆ ಹೋಗುತ್ತಿದ್ದೆವು. ಅಲ್ಲಿಯ ಊಟದ ಹೆಸರು ನಾಸಿ ಕಂದರ್. ನಾಸಿ ಎಂದರೆ ಅನ್ನ, ಕಂದರ್ ಎಂದರೆ ಹೆಗಲ ಮೇಲಿನ ಕೋಲು, ನಮ್ಮ ಮಾತಿನಲ್ಲಿ ಕಾವಡಿ. ತಮಿಳು ಮುಸ್ಲಿಮ್ ವ್ಯಾಪಾರಿಗಳು ಕಾವಡಿಯ ಒಂದು ತುದಿಗೆ ಅನ್ನ, ಇನ್ನೊಂದು ತುದಿಗೆ ಸಾರು ತೂಗಿಕೊಂಡು ಬೀದಿ ಬೀದಿ ತಿರುಗಿ ಬಂದರಿನ ಕೂಲಿಗಳಿಗೆ ಬಡಿಸುತ್ತಿದ್ದರು. ಹೆಸರಿನಲ್ಲಿಯೇ ಬಂದರಿನ ಬೆವರು ಉಳಿದುಕೊಂಡಿರುವ ಊಟ ಅದು. ನಾನು ಹೋಗುವ ಕಾಲಕ್ಕೆ ಕಾವಡಿ ಇರಲಿಲ್ಲ, ಅಂಗಡಿಗಳಿದ್ದವು. ಅವುಗಳಲ್ಲಿ ಕ್ಯಾಂಪ್‌ಬೆಲ್ ಬೀದಿಯ ಹಮೀದಿಯಾ 1907ರಷ್ಟು ಹಳೆಯದು. ತಟ್ಟೆಯಲ್ಲಿ ಅನ್ನ, ಪಕ್ಕದಲ್ಲಿ ಬೆಂಡೆಕಾಯಿ, ಮೀನಿನ ತುಂಡು ಅಥವಾ ಕೋಳಿ, ಮೇಲೆ ಒಂದರ ಹಿಂದೊಂದು ಮೂರು ನಾಲ್ಕು ಬಗೆಯ ಸಾರು. ಬಡಿಸುವವನಿಗೆ ‘ಬಂಜಿರ್’ ಎಂದರೆ ಸಾಕು, ಅನ್ನ ಮುಳುಗುವಷ್ಟು ಸುರಿಯುತ್ತಾನೆ. ಆ ಮಲಯ ಪದದ ಅರ್ಥ ನೆರೆ. ಮಳೆಗಾಲದಲ್ಲಿ ಕಾಳಿ ನದಿ ಏರುವುದನ್ನು ಕಂಡವನಿಗೆ ಆ ಪದವನ್ನು ಎರಡನೆಯ ಸಲ ಕಲಿಸಬೇಕಾಗಲಿಲ್ಲ.

ಡರ್ಬನ್ ನನಗೆ ತಡವಾಗಿ ಸಿಕ್ಕಿತು. ವರ್ಣಭೇದದ ವಿರುದ್ಧ ಭಾರತ 1946ರಿಂದಲೇ ದಕ್ಷಿಣ ಆಫ್ರಿಕಾದೊಂದಿಗೆ ವ್ಯಾಪಾರ ಕಡಿದುಕೊಂಡಿತ್ತು, 1993ರಲ್ಲಿ ಬಾಗಿಲು ತೆರೆಯಿತು. 1860ರಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದ ನಮ್ಮವರ ಮೊಮ್ಮಕ್ಕಳ ಊರು ಅದು. ಆಗಿನ ಗ್ರೇ ಬೀದಿಯ ಕಡೆ ‘ಬನ್ನಿ ಚೌ’ ಎಂಬ ತಿಂಡಿ ಸಿಗುತ್ತದೆ. ಬ್ರೆಡ್ಡಿನ ಕಾಲು ಭಾಗವನ್ನು ನಿಲ್ಲಿಸಿ, ತಿರುಳು ತೆಗೆದು, ಆ ಗುಂಡಿಗೆ ಕುದಿಯುವ ಕುರಿಯ ಅಥವಾ ಬೀನ್ಸಿನ ಸಾರು ತುಂಬಿ, ತೆಗೆದ ತಿರುಳನ್ನೇ ಮೇಲೆ ಮುಚ್ಚಳದಂತೆ ಇಟ್ಟು ಕೊಡುತ್ತಾರೆ. ಚಮಚ ಕೇಳುವಂತಿಲ್ಲ. ತಿರುಳನ್ನು ಅದ್ದಿ ಮೊದಲು ತಿನ್ನಬೇಕು, ಆಮೇಲೆ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಮುರಿಯುತ್ತಾ ಬರಬೇಕು. ಅಡಿಪಾಯ ಮುಟ್ಟುವಷ್ಟರಲ್ಲಿ ಅದು ಸಾರು ಕುಡಿದು ಮೆತ್ತಗಾಗಿರುತ್ತದೆ, ನಿಜವಾದ ರುಚಿ ಇರುವುದು ಅಲ್ಲೇ. ಅಂಗಡಿಯ ವೃದ್ಧೆ ನನ್ನ ಊರು ಕೇಳಿ, ಕಾರವಾರ ಗೊತ್ತಿಲ್ಲದಿದ್ದರೂ, ಎರಡನೆಯ ಬ್ರೆಡ್ಡಿಗೆ ಹಣ ತೆಗೆದುಕೊಳ್ಳಲಿಲ್ಲ.

ಹ್ಯಾಂಬರ್ಗಿನಲ್ಲಿ ಉಪ್ಪುಮಾಂಸ, ಬಟಾಟೆ, ಬೀಟ್‌ರೂಟ್ ಕಲಸಿ ಮೊಟ್ಟೆಯಿಟ್ಟು ಕೊಡುವ ಲಾಬ್‌ಸ್ಕೌಸ್ ಹಳೆಯ ಹಾಯಿಹಡಗಿನವರ ಊಟವೇ. ಅದನ್ನು ಗೌರವದಿಂದ ತಿಂದೆ, ಪ್ರೀತಿ ಹುಟ್ಟಲಿಲ್ಲ. ಆ ಊರಿನಲ್ಲಿ ನನಗೆ ಪ್ರಿಯವಾದದ್ದು 1986ರಲ್ಲಿ ಆರಂಭವಾದ ನಾವಿಕರ ಕ್ಲಬ್ ಡಕ್‌ಡಾಲ್ಬೆನ್. ಅವರು ವ್ಯಾನ್ ಕಳಿಸಿ ನಮ್ಮನ್ನು ಹಡಗಿನಿಂದಲೇ ಕರೆದೊಯ್ಯುತ್ತಿದ್ದರು. ವ್ಯಾನ್ ಏಕೆ ಬೇಕಾಯಿತು ಎಂಬುದರಲ್ಲಿಯೇ ನಾನು ಹೇಳಬೇಕಾದ ಮುಖ್ಯ ಮಾತಿದೆ.

ನಾನು ಸೇರಿದಾಗ ಸರಕನ್ನು ಚೀಲ ಚೀಲವಾಗಿ, ಪೆಟ್ಟಿಗೆ ಪೆಟ್ಟಿಗೆಯಾಗಿ ಇಳಿಸುತ್ತಿದ್ದರು. ಹಡಗು ವಾರಗಟ್ಟಲೆ ನಿಲ್ಲುತ್ತಿತ್ತು, ಅದೂ ಊರಿನ ಹೊಟ್ಟೆಯಲ್ಲೇ. 1956ರಲ್ಲಿ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಕಂಟೇನರುಗಳನ್ನು ಹೊತ್ತು ಅಮೆರಿಕದ ನೆವಾರ್ಕಿನಿಂದ ಹೊರಟಾಗ ಶುರುವಾದ ಬದಲಾವಣೆ ನನ್ನ ಕಣ್ಣೆದುರೇ ಲೋಕದ ಬಂದರುಗಳನ್ನೆಲ್ಲ ಹಿಡಿಯಿತು. ವಾರದ ಕೆಲಸ ಒಂದು ದಿನಕ್ಕಿಳಿಯಿತು, ದೊಡ್ಡ ಕ್ರೇನುಗಳಿಗೂ ಆಳದ ನೀರಿಗೂ ಬೇಕಾದ ಜಾಗ ಹುಡುಕುತ್ತಾ ಬಂದರುಗಳೇ ಊರು ಬಿಟ್ಟು ಹೋದವು. ಮುಂಬೈಯ ಎದುರು ದಂಡೆಯಲ್ಲಿ 1989ರಲ್ಲಿ ನ್ಹಾವಾ ಶೇವಾ ತೆರೆಯಿತು, ರೋಟರ್‌ಡ್ಯಾಮಿನ ಮಾಸ್‌ವ್ಲಾಕ್ಟೆ ಊರಿನಿಂದ ಸುಮಾರು 40 ಕಿಲೋಮೀಟರ್ ದೂರ. 2004ರ ಜುಲೈಯಲ್ಲಿ ಹೊಸ ಭದ್ರತಾ ನಿಯಮಗಳು ಜಾರಿಯಾದ ಮೇಲೆ ಅನೇಕ ಕಡೆ ಗೇಟು ದಾಟುವುದೇ ಕಷ್ಟವಾಯಿತು. ನನ್ನ ಅಣ್ಣನ ಮಗ ಈಗ ದೊಡ್ಡ ಕಂಟೇನರ್ ಹಡಗಿನಲ್ಲಿದ್ದಾನೆ. ಸಿಂಗಪುರಕ್ಕೆ ನನಗಿಂತ ಹೆಚ್ಚು ಸಲ ಹೋಗಿದ್ದಾನೆ, ಸೆರಂಗೂನ್ ರಸ್ತೆಯನ್ನು ಒಮ್ಮೆಯೂ ಕಂಡಿಲ್ಲ. ಅವನ ಸಂಬಳ ನನ್ನದಕ್ಕಿಂತ ಎಷ್ಟೋ ಒಳ್ಳೆಯದು, ಮನೆಯವರೊಂದಿಗೆ ದಿನವೂ ಮಾತನಾಡುತ್ತಾನೆ, ಅದು ಸಂತೋಷವೇ. ಆದರೂ ಅವನು ಬಂದರುಗಳ ಹೆಸರು ಹೇಳುವಾಗ ಅವುಗಳ ಹಿಂದೆ ಒಂದು ರುಚಿಯೂ ಇಲ್ಲವಲ್ಲ ಎಂದು ನನಗೆ ನಿಜವಾಗಿಯೂ ನೋವಾಗುತ್ತದೆ.

ಇನ್ನೊಂದು ಸಂಗತಿ ಹೇಳಬೇಕು, ಅದು ನಮ್ಮದೇ ಬಂದರಿನದು. 2010ರಲ್ಲಿ ಅದಿರಿನ ರಫ್ತು ನಿಲ್ಲುವವರೆಗೆ ಕಾರವಾರಕ್ಕೆ ಅದಿರು ಒಯ್ಯುವ ವಿದೇಶಿ ಹಡಗುಗಳು ಬರುತ್ತಿದ್ದವು. ನಿವೃತ್ತಿಯ ಆ ಮೊದಲ ವರ್ಷಗಳಲ್ಲಿ ನಾನು ಬೈತಕೋಲದ ಗೇಟಿನ ಹತ್ತಿರದ ಒಂದು ಸಣ್ಣ ಊಟದ ಮನೆಯಲ್ಲಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಫಿಲಿಪ್ಪೀನ್ಸಿನ ಒಬ್ಬ ಖಲಾಸಿ ಒಬ್ಬನೇ ಬಂದು, ನನ್ನ ತಟ್ಟೆಯನ್ನು ತೋರಿಸಿ ಅದೇ ಬೇಕೆಂದ. ಕುಚ್ಚಲಕ್ಕಿ ಅನ್ನ, ಬಾಂಗಡೆಯ ಸಾರು. ಎರಡು ತುತ್ತು ಉಂಡು ‘ಸಿನಿಗಾಂಗ್’ ಎಂದ, ಅದು ಅವರ ಮನೆಗಳ ಹುಳಿ ಸಾರು. ಮತ್ತೆ ಬಡಿಸಿಕೊಂಡ. ಕೊನೆಗೆ ತಟ್ಟೆಯ ಅಂಚಿನಲ್ಲಿ ಉಳಿದ ಕಪ್ಪು ಕಾಯಿ ಏನೆಂದು ಬೆರಳಲ್ಲಿ ತೋರಿಸಿ ಕೇಳಿದ. ನಾನು ತಿರ್ಫಳ ಎಂದೆ. ಅವನು ಮೂರು ಸಲ ಹೇಳಿ ಹೆಸರು ಕಲಿತ. ಒಳಗಿನಿಂದ ಮನೆಯಾಕೆ ನಾಲ್ಕು ಒಣ ಕಾಯಿ ತಂದು ಕೊಟ್ಟಳು. ಅವನು ಅವನ್ನು ಕಾಗದದ ತುಂಡಿನಲ್ಲಿ ಮಡಿಸಿ, ಅಂಗಿಯ ಜೇಬಿನಲ್ಲಿಟ್ಟು, ಗುಂಡಿ ಹಾಕಿಕೊಂಡು ಗೇಟಿನ ಕಡೆಗೆ ನಡೆದ.