ಪಟ್ಟಿಯಲ್ಲಿ ಹೆಸರಿಲ್ಲದ ಸಂಜೆ

ಮಾನ್ಯರೇ, ಕೋಲಾರ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಇಲ್ಲಿ ಬಂದು ಸೇರಿರುವ ಯುವ ಫುಟ್‌ಬಾಲ್ ಆಟಗಾರರೇ, ಅವರ ತಂದೆತಾಯಂದಿರೇ,

ಬೆಂಗಳೂರಿನಲ್ಲಿ ತಂಡದ ಆಯ್ಕೆಗೆ ನಡೆಸುವ ಟ್ರಯಲ್ಸ್ ಮುಗಿಸಿ, ಆಯ್ಕೆಯಾದವರ ಪಟ್ಟಿಯನ್ನು ಎರಡೆರಡು ಸಲ ಓದಿದರೂ ತನ್ನ ಹೆಸರು ಕಾಣದೆ, ಸಂಜೆಯ ಮಾರಿಕುಪ್ಪಂ ರೈಲಿನಲ್ಲಿ ಬೂಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಹುಡುಗನಿಗೆ ಮಾಲೂರು, ಟೇಕಲ್ ದಾಟಿ ಬಂಗಾರಪೇಟೆ ಬರುವವರೆಗಿನ ದಾರಿ ಎಷ್ಟು ಉದ್ದವೆಂಬುದು ನನಗೆ ಗೊತ್ತು. ಹದಿನೈದರ ವಯಸ್ಸಿನಲ್ಲಿ ನಾನೂ ಹಾಗೆ ಕೂತು ಬಂದವನೇ. ಅಂದು ನನಗೆ ಯಾರೂ ಕಾರಣ ಹೇಳಲಿಲ್ಲ. ಯಾರೂ ಕಾರಣ ಹೇಳದಿದ್ದಾಗ ಮಕ್ಕಳು ತಾವೇ ಒಂದನ್ನು ಹುಡುಕಿಕೊಳ್ಳುತ್ತಾರೆ, ಅದು ಸಾಮಾನ್ಯವಾಗಿ 'ನನಗೆ ಆಟವೇ ಬರುವುದಿಲ್ಲ' ಎಂಬುದಾಗಿರುತ್ತದೆ. ಇಂದಿನ ನನ್ನ ಮಾತೆಲ್ಲ ಆ ತಪ್ಪು ತೀರ್ಮಾನದ ಕುರಿತಾದದ್ದು.

ಆಯ್ಕೆಗಾರರು ತಮ್ಮ ಎದುರಿಗಿರುವ ಹತ್ತಾರು ಮಕ್ಕಳನ್ನು ಒಂದೆರಡು ಗಂಟೆಯೊಳಗೆ ನೋಡಬೇಕಾಗುತ್ತದೆ. ಅವರಿಗೆ ಬೇಕಾದದ್ದು ಎಡಭಾಗದಲ್ಲಿ ಆಡುವ ಒಬ್ಬ ಡಿಫೆಂಡರ್ ಆಗಿದ್ದರೆ, ಒಳ್ಳೆಯ ಮಿಡ್‌ಫೀಲ್ಡರ್ ಕೂಡ ಮನೆಗೆ ಹೋಗುತ್ತಾನೆ. ಇನ್ನು ದೇಹದ ಮಾತು. ಒಂದೇ ವಯೋಮಿತಿಯ ಗುಂಪಿನಲ್ಲಿ ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಪಕ್ಕಪಕ್ಕದಲ್ಲಿ ನಿಲ್ಲುತ್ತಾರೆ. ಹದಿಮೂರು ಹದಿನಾಲ್ಕರಲ್ಲಿ ಆ ಹನ್ನೊಂದು ತಿಂಗಳ ಅಂತರ ಭುಜದಲ್ಲಿ, ಓಟದಲ್ಲಿ ಎದ್ದು ಕಾಣುತ್ತದೆ. ಅನೇಕ ದೇಶಗಳ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುವುದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಒಬ್ಬನಿಗೆ ಮೀಸೆ ಬಂದಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗುತ್ತದೆ.

ಫ್ರಾನ್ಸಿನ ಆಂಟೊಯಿನ್ ಗ್ರೀಜ್ಮನ್ ಅವರನ್ನು ಕುಳ್ಳನೆಂಬ ಕಾರಣಕ್ಕೆ ಅವರ ದೇಶದ ಹಲವು ಕ್ಲಬ್‌ಗಳು ಬೇಡವೆಂದವು. ಅವರು ಸ್ಪೇನಿನ ರಿಯಲ್ ಸೊಸಿಯೆಡಾಡ್ ಸೇರಿ ಬೆಳೆದು, 2018ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಪರ ಗೋಲು ಹೊಡೆದರು. ನಮ್ಮ ಸುನಿಲ್ ಛೆಟ್ರಿ ಅವರ ಪ್ರಸಂಗ ಇನ್ನೂ ವಿಚಿತ್ರವಾದದ್ದು. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಅವರೊಂದಿಗೆ ಒಪ್ಪಂದಕ್ಕೆ ಸಿದ್ಧವಾಗಿದ್ದರೂ, ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ ಮೊದಲ 70ರೊಳಗೆ ಇಲ್ಲವೆಂದು ಬ್ರಿಟನ್ ಅವರಿಗೆ ಕೆಲಸದ ಪರವಾನಗಿ ಕೊಡಲಿಲ್ಲ. ಆ ನಿರಾಕರಣೆಯಲ್ಲಿ ಅವರ ಆಟದ ಲೆಕ್ಕವೇ ಇರಲಿಲ್ಲ.

ಆದರೆ ಇಂಥ ಕಥೆಗಳನ್ನಷ್ಟೇ ಹೇಳಿ ಚಪ್ಪಾಳೆ ಗಿಟ್ಟಿಸುವುದು ನನಗೆ ಸರಿಕಾಣುವುದಿಲ್ಲ. ಆಯ್ಕೆಯಾಗದವರಲ್ಲಿ ಬಹುಪಾಲು ಜನ ಗ್ರೀಜ್ಮನ್ ಆಗುವುದಿಲ್ಲ, ನಾನೂ ಆಗಲಿಲ್ಲ. ಕೆಲವೊಮ್ಮೆ ಆಯ್ಕೆಗಾರರು ಹೇಳಿದ್ದೇ ಸರಿಯಾಗಿರುತ್ತದೆ. ನನ್ನ ಎಡಗಾಲು ಹೆಸರಿಗಷ್ಟೇ ಇತ್ತು, ಚೆಂಡನ್ನು ಬಲಗಾಲಿಗೆ ತಂದುಕೊಳ್ಳುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಿದ್ದ. ಇದನ್ನು ನಾನು ತಿಳಿದದ್ದು ಎರಡು ವರ್ಷದ ಮೇಲೆ, ಊರಿನ ಹಿರಿಯ ಆಟಗಾರರೊಬ್ಬರು ಮೈದಾನದ ಅಂಚಿನಲ್ಲಿ ಕೂತು ನಗುತ್ತಾ ಹೇಳಿದಾಗ. ಅಂದೇ ಕೇಳಿದ್ದರೆ ಆ ಎರಡು ವರ್ಷ ಗೋಡೆಗೆ ಎಡಗಾಲಿನಲ್ಲಿ ಚೆಂಡು ಹೊಡೆಯುವುದರಲ್ಲಿ ಕಳೆಯುತ್ತಿದ್ದೆ, ಕೊರಗುವುದರಲ್ಲಿ ಅಲ್ಲ.

ಆದ್ದರಿಂದ ಮಕ್ಕಳೇ, ಎರಡು ಮೂರು ದಿನ ಬೇಸರಪಟ್ಟುಕೊಳ್ಳಿ, ಅಳು ಬಂದರೆ ಅಳಿ. ಅದಾದ ಮೇಲೆ ನಿಮ್ಮ ಆಟವನ್ನು ಬಲ್ಲ ಕೋಚ್ ಒಬ್ಬರ ಬಳಿ ಹೋಗಿ. 'ನನ್ನನ್ನೇಕೆ ತೆಗೆದುಕೊಳ್ಳಲಿಲ್ಲ ಸಾರ್' ಎಂದು ಕೇಳಿದರೆ ಬರೀ ಸಮಾಧಾನದ ಮಾತು ಸಿಗುತ್ತದೆ. ಅದರ ಬದಲು 'ಮುಂದಿನ ಆರು ತಿಂಗಳಲ್ಲಿ ಯಾವ ಒಂದು ವಿಷಯವನ್ನು ತಿದ್ದಿಕೊಳ್ಳಲಿ' ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.

ತಂದೆತಾಯಂದಿರಿಗೆ ಒಂದು ಮಾತು. ಹುಡುಗ ಆಯ್ಕೆಯಾಗದಿದ್ದರೆ ಮುಂದಿನ ವರ್ಷ ನೋಡೋಣ ಎನ್ನುವ ಮನೆಯಲ್ಲೇ, ಹುಡುಗಿ ಆಯ್ಕೆಯಾಗದಿದ್ದರೆ ಇನ್ನು ಸಾಕು, ಓದಿಕೋ ಎನ್ನುವುದನ್ನು ನಾನು ಕಂಡಿದ್ದೇನೆ. ಒಂದೇ ಟ್ರಯಲ್ಸ್‌ಗೆ ಎರಡು ಬಗೆಯ ಫಲಿತಾಂಶ! ಮಗನಾಗಲಿ ಮಗಳಾಗಲಿ, ಅಂದು ರೈಲಿನಲ್ಲಿ ಪಂದ್ಯದ ವಿಚಾರಣೆ ನಡೆಸಬೇಡಿ, ಆಯ್ಕೆಗಾರರನ್ನು ಬೈಯಲೂ ಬೇಡಿ. ಬೆಳಗ್ಗೆಯಿಂದ ಆ ಮಗು ಸರಿಯಾಗಿ ತಿಂದಿರುವುದಿಲ್ಲ. ಬಂಗಾರಪೇಟೆಯಲ್ಲಿ ಇಳಿದಾಗ ಮೊದಲು ತಿನ್ನಲು ಏನಾದರೂ ಕೊಡಿಸಿ.