ನೆರೆ ನೀರು ಎಲ್ಲಿಗೆ ಹೋಗಬೇಕು ಎಂದು ಕೇಳುವುದು ಯಾರ ಕೆಲಸ?

ಎಲ್ಲರಿಗೂ ನಮಸ್ಕಾರ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪಂಚಾಯಿತಿ ಸದಸ್ಯರು, ಪಿಡಿಒಗಳು, ಇಂಜಿನಿಯರುಗಳು, ಹೊಳೆ ದಂಡೆಯ ರೈತರು ಎಲ್ಲ ಇಲ್ಲೇ ಇದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಹೊಳೆ ಪಕ್ಕದ ಗದ್ದೆಯಲ್ಲಿ ಮನೆ ಕಟ್ಟುತ್ತೇವೆ, ಲೇಔಟ್ ಮಾಡುತ್ತೇವೆ ಎಂದು ಅರ್ಜಿ ಬರುತ್ತದೆ. ಆಗ "ನೆರೆ ಬಂದರೆ ಈ ಗದ್ದೆಯ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳುವವರು ಯಾರು?

ಅರ್ಜಿ ಹೋಗುವ ದಾರಿಯನ್ನೇ ನೋಡಿ. ಗದ್ದೆ ಎನ್.ಎ., ಅಂದರೆ ಕೃಷಿಯೇತರ ಜಮೀನು, ಆಗಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕಂದಾಯ ಇಲಾಖೆಗೆ ಹೋಗಬೇಕು. ಅಲ್ಲಿ ಪಹಣಿ, ಹಕ್ಕು, ತಕರಾರು ನೋಡುತ್ತಾರೆ. ಜಾಗ ಯೋಜನಾ ಪ್ರದೇಶದ ಒಳಗಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರ ಬರುತ್ತದೆ. ಅಲ್ಲಿ ನಕ್ಷೆಯಲ್ಲಿ ಆ ಜಾಗಕ್ಕೆ ಯಾವ ಬಳಕೆಯ ಬಣ್ಣ ಇದೆ, ರಸ್ತೆ ಅಗಲ ಎಷ್ಟು, ಕಟ್ಟಡದ ಸುತ್ತ ಬಿಡಬೇಕಾದ ಜಾಗ (ಸೆಟ್‌ಬ್ಯಾಕ್) ಎಷ್ಟು ಎಂದು ನೋಡುತ್ತಾರೆ. ಉಪ್ಪುನೀರು ಏರುವ ಹೊಳೆ ಆದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಹಳ್ಳಿಯಲ್ಲಿ ಕಟ್ಟಡ ಪರವಾನಗಿ ಪಂಚಾಯಿತಿಯದು. ಪ್ರತಿಯೊಬ್ಬರೂ ತಮ್ಮ ಪಾಲಿನ ಕಾಗದ ಪ್ರಾಮಾಣಿಕವಾಗಿ ನೋಡಿರಬಹುದು. ಆದರೂ ಮನೆ ಬಂದು ನಿಲ್ಲುವುದು ನೆರೆಯ ದಾರಿಯಲ್ಲಿ. ನೆರೆ ಬಂದಾಗ ನೀರು ಹರಡುವ ತಗ್ಗು ಜಾಗವನ್ನು, ಅಂದರೆ ನೆರೆ ಬಯಲನ್ನು, ನೋಡಿಕೊಳ್ಳುವ ಒಬ್ಬ ಅಧಿಕಾರಿ ನಮ್ಮಲ್ಲಿ ಬೇಕು ಎನ್ನುವುದೇ ಇವತ್ತಿನ ನನ್ನ ಮಾತು.

ಸಿಆರ್‌ಝಡ್ ಗೆರೆಯ ಆಚೆ ಇದ್ದರೆ ಸಾಕು, ಭಯ ಇಲ್ಲ ಎಂದು ತುಂಬ ಜನ ನಂಬಿದ್ದಾರೆ. ಇದು ಅಪಾಯದ ನಂಬಿಕೆ. ಹೊಳೆ, ಅಳಿವೆಗಳ ದಂಡೆಯಲ್ಲಿ 2011ರ ಅಧಿಸೂಚನೆಯಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಎಂದು ಇದ್ದದ್ದು, 2019ರಲ್ಲಿ 100ರ ಬದಲು 50 ಮೀಟರ್ ಎಂದಾಯಿತು. ಆ ಗೆರೆ ಉಬ್ಬರವನ್ನು ಅಳೆದು ಎಳೆದದ್ದು. ಬೇಸಿಗೆಯಲ್ಲಿ ಉಪ್ಪು ಎಲ್ಲಿಯವರೆಗೆ ಏರುತ್ತದೆ ಎಂದು ನೋಡಿ ಅದರ ಮೇಲಿನ ಅಂಚು ಗುರುತಿಸುತ್ತಾರೆ. ನೆರೆ ಬರುವುದು ಸಮುದ್ರದಿಂದ ಅಲ್ಲ, ಘಟ್ಟದಿಂದ. 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ಗಂಗಾವಳಿ ಆ ಗೆರೆಯನ್ನು ಕೇಳಿಕೊಂಡು ಬರಲಿಲ್ಲ. ಘಟ್ಟದ ಮೇಲೆ ಗುಳ್ಳಾಪುರದ ಸೇತುವೆಯನ್ನೇ ಕೊಚ್ಚಿಕೊಂಡು ಹೋದ ನೀರು ಅದು.

ನಮ್ಮ ಹೊಳೆಗಳೂ ಒಂದೇ ತರಹ ಇಲ್ಲ. ಗಂಗಾವಳಿ, ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದಲ್ಲಿ ಮಳೆ ಹೊಡೆದರೆ ಕೆಳಗೆ ನೀರು ಏರುತ್ತದೆ, ದಂಡೆಯವರಿಗೆ ಅದರ ಅಂದಾಜು ಇರುತ್ತದೆ. ಕಾಳಿಯ ಕತೆ ಬೇರೆ. ಸೂಪಾ, ಕೊಡಸಳ್ಳಿ, ಕದ್ರಾ ಹೀಗೆ ಸಾಲು ಅಣೆಕಟ್ಟು. ಎಷ್ಟೋ ವರ್ಷ ಕೆಳಗೆ ನೀರು ಹದವಾಗಿ ಬರುತ್ತದೆ. ಜನ ಧೈರ್ಯ ಮಾಡಿ ದಂಡೆಗೆ ಇಳಿಯುತ್ತಾರೆ. ಒಂದು ವರ್ಷ ಒಳಹರಿವು ಜಾಸ್ತಿಯಾಗಿ ಕದ್ರಾ ಗೇಟು ಎತ್ತಲೇಬೇಕಾಗುತ್ತದೆ. 2019ರಲ್ಲಿ ಕದ್ರಾ, ಮಲ್ಲಾಪುರದ ಕಡೆಯ ಜನ ಅದನ್ನು ಅನುಭವಿಸಿದ್ದಾರೆ. ಆದ್ದರಿಂದ ಕಾಳಿ ದಂಡೆಗೆ ಬೇಕಾದ ನಕ್ಷೆಯೇ ಬೇರೆ. ಇಷ್ಟು ಕ್ಯೂಸೆಕ್ ಬಿಟ್ಟರೆ ನೀರು ಯಾವ ಮನೆಯವರೆಗೆ ಬರುತ್ತದೆ ಎಂದು ಅದರಲ್ಲಿ ಇರಬೇಕು. ಪರವಾನಗಿ ಕೊಡುವವರ ಮೇಜಿನ ಮೇಲೆ ಅದು ಇರಬೇಕು.

ಈಗ ಮಣ್ಣು ತುಂಬುವ ವಿಷಯ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇದರದ್ದೇ. 10 ಗುಂಟೆ ಗದ್ದೆ ಎಂದರೆ ಸುಮಾರು 1,000 ಚದರ ಮೀಟರ್. ಅದಕ್ಕೆ ಒಂದು ಮೀಟರ್ ಎತ್ತರ ಕೆಂಪು ಮಣ್ಣು ಹಾಕಿದರೆ 10 ಲಕ್ಷ ಲೀಟರ್ ನೀರು ನಿಲ್ಲುವ ಜಾಗ ಹೋಯಿತು. ಆ ನೀರು ಆವಿಯಾಗುವುದಿಲ್ಲ, ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಪಕ್ಕದವರೂ ಮಣ್ಣು ಹಾಕುತ್ತಾರೆ. ಮೋರಿ ಮುಚ್ಚುತ್ತದೆ. ಕೊನೆಗೆ ಮಣ್ಣು ಹಾಕಲು ದುಡ್ಡಿಲ್ಲದವರ ಮನೆಯೊಳಗೆ ನೀರು ನಿಲ್ಲುತ್ತದೆ. ಅಘನಾಶಿನಿ ದಂಡೆಯ ಗಜನಿಗಳನ್ನು, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳನ್ನು, ನೋಡಿ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದವರು ಬಂಡು ಕಟ್ಟಿದರು, ಬಾಗಿಲು ಇಟ್ಟರು, ಉಬ್ಬರ ಇಳಿತ ನೋಡಿ ನೀರು ಬಿಟ್ಟರು, ತಡೆದರು. ನೀರಿಗೂ ಜಾಗ ಇತ್ತು, ಅನ್ನಕ್ಕೂ ಜಾಗ ಇತ್ತು. ಜೋರು ಮಳೆ ಮತ್ತು ಉಬ್ಬರ ಒಟ್ಟಿಗೆ ಬಂದ ದಿನ ಹೊಳೆ ನೀರು ಸಮುದ್ರಕ್ಕೆ ಬೇಗ ಇಳಿಯುವುದಿಲ್ಲ. ಆ ಕೆಲವು ಗಂಟೆ ನೀರನ್ನು ಹಿಡಿದುಕೊಳ್ಳುವುದು ಈ ತಗ್ಗು ಗದ್ದೆಗಳೇ. ಅದನ್ನು ಪಾಳು ಜಾಗ ಎಂದು ಫೈಲಿನಲ್ಲಿ ಬರೆಯುವುದು ತಪ್ಪು.

ಬೇರೆ ಕಡೆ ಏನಿದೆ? ಅಮೆರಿಕದಲ್ಲಿ 1968ರ ನೆರೆ ವಿಮೆ ಕಾಯ್ದೆಯ ವ್ಯವಸ್ಥೆಗೆ ಸೇರಿದ ಪ್ರತಿ ಊರಿನಲ್ಲೂ ಈ ಕೆಲಸಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಾರೆ. ಸಣ್ಣ ಊರಿನಲ್ಲಿ ಎಷ್ಟೋ ಸಲ ಎಲ್ಲಿ ಏನು ಕಟ್ಟಬಹುದು ಎಂದು ನೋಡುವ ಝೋನಿಂಗ್ ಅಧಿಕಾರಿಯೇ ಇದನ್ನೂ ನೋಡುತ್ತಾರೆ. ನೆರೆ ಬಯಲಿನಲ್ಲಿ ಮನೆ ಇರಲಿ, ಮಣ್ಣು ತುಂಬುವುದಿರಲಿ, ಅವರ ಪರವಾನಗಿ ಬೇಕು. ಹೊಸ ಮನೆಯ ನೆಲ, ಲೆಕ್ಕ ಹಾಕಿದ ನೆರೆ ಮಟ್ಟಕ್ಕಿಂತ ಕೆಳಗೆ ಇರುವಂತಿಲ್ಲ. ಆ ಎತ್ತರದ ದಾಖಲೆ ಕಚೇರಿಯಲ್ಲಿ ಇರಬೇಕು. ಆ ಮಟ್ಟವನ್ನು ನೂರು ವರ್ಷದ ನೆರೆ ಅನ್ನುತ್ತಾರೆ. ನೂರು ವರ್ಷಕ್ಕೊಮ್ಮೆ ಬರುತ್ತದೆ ಎಂದು ಸುಮ್ನೆ ಕೂರುವಂತಿಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರಕ್ಕೆ ಒಂದು. 30 ವರ್ಷದ ಮನೆ ಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ಬ್ಯಾಂಕಿನವರು ಇದನ್ನು ನಿಮಗೆ ಹೇಳುವುದಿಲ್ಲ ಅಲ್ವಾ?

ನಮ್ಮಲ್ಲೂ ಕೇಂದ್ರ ಸರ್ಕಾರ 1975ರಲ್ಲೇ ನೆರೆ ಬಯಲು ವಲಯೀಕರಣದ, ಅಂದರೆ ನೆರೆ ಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದು ಎಂದು ಭಾಗ ಮಾಡುವ, ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿತ್ತು. ಮಣಿಪುರದಂತಹ ಬೆರಳೆಣಿಕೆಯ ರಾಜ್ಯಗಳು ಕಾಯ್ದೆ ಮಾಡಿದವು. ಆ ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಮಾರ್ಗಸೂಚಿಯಲ್ಲಿ ಆಸ್ಪತ್ರೆ, ವಿದ್ಯುತ್ ಕೇಂದ್ರ ನೂರು ವರ್ಷದ ನೆರೆ ಮಟ್ಟಕ್ಕಿಂತ ಮೇಲೆ, ಮನೆ ಮತ್ತು ಸರ್ಕಾರಿ ಕಚೇರಿ 25 ವರ್ಷದ ಮಟ್ಟಕ್ಕಿಂತ ಮೇಲೆ ಇರಲಿ ಎಂದಿದೆ. ಆಟದ ಬಯಲು ತಗ್ಗಿನಲ್ಲಿದ್ದರೂ ಅಡ್ಡಿ ಇಲ್ಲ. ಸರ್ಕಾರಿ ಕಟ್ಟಡಕ್ಕೆ ಬೇರೆ ಜಾಗ ಸಿಗಲಿಲ್ಲ ಎಂದು ತಗ್ಗು ಆರಿಸುವುದನ್ನು ಮೊದಲು ನಾವೇ ನಿಲ್ಲಿಸಬೇಕು.

ಹೊಸ ಕಾಯ್ದೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಸ್ಥಳ ಪರಿಶೀಲನೆಗೆ ಏಪ್ರಿಲ್‌ನಲ್ಲಿ ಹೋದರೆ ಬಿರುಕು ಬಿಟ್ಟ ಗದ್ದೆ ಕಾಣುತ್ತದೆ, ಜುಲೈನಲ್ಲಿ ಹೋದರೆ ಹೊಳೆ ಕಾಣುತ್ತದೆ. ದಂಡೆಯ ಅರ್ಜಿಗಳಿಗೆ ಮಳೆಗಾಲದ ಒಂದು ಭೇಟಿ ಕಡ್ಡಾಯ ಆಗಲಿ. ಪಕ್ಕದ ಗದ್ದೆಯವರನ್ನು, ದೋಣಿಯವರನ್ನು ಕೇಳಿ ಆ ಮಾತು ವರದಿಯಲ್ಲಿ ಬರೆಯಿರಿ. ಅನುಮತಿ ಕೊಡುವಾಗ ನೆಲದ ಮಟ್ಟ ಎಷ್ಟು, ಹಳ್ಳಕ್ಕೆ ಎಷ್ಟು ಜಾಗ ಬಿಡಬೇಕು ಎಂದು ಷರತ್ತು ಹಾಕಿ. ನಿರಾಕರಿಸಿದರೆ ಕಾರಣ ಬರೆದು ಕೊಡಿ. ಕಾರಣ ಇಲ್ಲದ ನಿರಾಕರಣೆ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ.

ಕಷ್ಟ ನನಗೆ ಗೊತ್ತಿದೆ. ಜಿಲ್ಲೆಯ ಬಹುಪಾಲು ಕಾಡು. ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ನಡುವೆ ಹೆದ್ದಾರಿ. ಗುಡ್ಡದ ಬುಡವೂ ಕ್ಷೇಮವಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಜರಿದಾಗ ಗಂಗಾವಳಿಯ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಹೀಗಿರುವಾಗ ಐದು ಗುಂಟೆ ಬಿಟ್ಟರೆ ಬೇರೇನೂ ಇಲ್ಲದವರಿಗೆ "ಇಲ್ಲಿ ಕಟ್ಟಬೇಡಿ" ಎಂದು ಹೇಳಿ ಕಳಿಸುವುದು ನ್ಯಾಯವಲ್ಲ. ಅವರಿಗೆ ಕಂಬದ ಮೇಲೆ ಮನೆ ಕಟ್ಟುವ ದಾರಿ ತೋರಿಸಬೇಕು, ಅಥವಾ ಎತ್ತರದಲ್ಲಿ ನಿವೇಶನ ಕೊಡಬೇಕು. ಎಕರೆಗಟ್ಟಲೆ ಗದ್ದೆ ತುಂಬಿ ಸೈಟು ಮಾರುವವರಿಗೆ ಮಾತ್ರ ಇಲ್ಲ ಅನ್ನಲೇಬೇಕು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಅಧಿಕಾರಿ ನಮಗೆ ಬೇಡ.

ಕೊನೆಗೆ ಪಂಚಾಯಿತಿಯವರಲ್ಲಿ ಒಂದು ವಿನಂತಿ. 2019 ಮತ್ತು 2021ರ ನೀರಿನ ಗುರುತು ಕೆಲವು ಗೋಡೆಗಳಲ್ಲಿ ಇನ್ನೂ ಉಳಿದಿದೆ. ಅಳಿದ ಕಡೆ ಮನೆಯವರು ಕೈ ಇಟ್ಟು ತೋರಿಸುತ್ತಾರೆ. ಸರ್ವೆಯವರನ್ನು ಕರೆದುಕೊಂಡು ಹೋಗಿ ಆ ಮಟ್ಟ ಅಳೆಸಿ, ಸರ್ವೆ ನಂಬರಿನ ಎದುರು ಬರೆಸಿ, ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿ ತಾಲೂಕು ಕಚೇರಿಗೆ ಕಳಿಸಿ. ಮುಂದಿನ ಅರ್ಜಿ ಬಂದಾಗ ಅದನ್ನೇ ಫೈಲಿಗೆ ಲಗತ್ತಿಸಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.