ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ, ಮುಂದಿನ ಡೇಟು!

ನಮಸ್ಕಾರ. ಎಸಿ (ಉಪವಿಭಾಗಾಧಿಕಾರಿ), ಡಿಸಿ (ಜಿಲ್ಲಾಧಿಕಾರಿ) ಕೇಳೋ ಕೇಸುಗಳನ್ನ ವಿಚಾರಣೆಯೊಂದೇ ಕೆಲಸ ಆಗಿರೋ ಒಂದು ಪ್ರತ್ಯೇಕ ಸಂಸ್ಥೆಗೆ ಕೊಡಿ ಅಂತ ಹೋದ ವಿಡಿಯೋದಲ್ಲಿ ಹೇಳಿದ್ವಿ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಎಸಿ ಕೋರ್ಟ್, ಡಿಸಿ ಕೋರ್ಟ್ ಎಲ್ಲ ಸೇರಿಸಿ ಹೊಸ ಸಂಸ್ಥೆ ಯಾಕೆ? ಈಗಿರೋದೇ ಚೆನ್ನಾಗಿದೆ." ಯಾರಿಗೆ ಸ್ವಾಮಿ ಚೆನ್ನಾಗಿರೋದು?

ಎಸಿ ಮೇಜು ನೋಡಿ. ಭೂಕಂದಾಯ ಕಾಯ್ದೆಯ 136(2)ರಡಿ ಮ್ಯುಟೇಶನ್ (ಜಮೀನಿನ ಹಕ್ಕು ಬದಲಾವಣೆ ದಾಖಲಿಸೋದು) ಮೇಲ್ಮನವಿ, ಪಿಟಿಸಿಎಲ್ (ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಿನ ಪರಭಾರೆ ತಡೆಯೋ ಕಾಯ್ದೆ) ಕೇಸು, 2007ರ ಕಾಯ್ದೆಯಡಿ ಹಿರಿಯ ನಾಗರಿಕರ ಜೀವನಾಂಶ. ಅದರ ಜತೆ ಚುನಾವಣೆ, ನೆರೆ, ಬರ, ಮಂತ್ರಿಗಳ ಪ್ರವಾಸ. ಇಷ್ಟರಲ್ಲಿ ಮೊದಲು ಮುಂದಕ್ಕೆ ಹೋಗೋದು ಯಾವುದು? ನಿಮ್ಮ ಡೇಟು. ಅದಕ್ಕೇ ಹೇಳೋದು: ಕೇಳೋದೇ ಕೆಲಸ ಆಗಿರೋರು ಕೇಳಲಿ.

ಇನ್ನೊಂದು ಕರ್ಮ. ವಾದ ಮುಗೀತು, ಆರ್ಡರ್ ಶೀಟಿನಲ್ಲಿ "ಆದೇಶಕ್ಕೆ ಕಾಯ್ದಿರಿಸಿದೆ" ಅಂತ ಬರೆದೂ ಆಯ್ತು. ಅಷ್ಟರಲ್ಲಿ ಸಾಹೇಬರಿಗೆ ವರ್ಗಾವಣೆ. ಹೊಸಬರು ಮತ್ತೆ ಮೊದಲಿಂದ ಕೇಳಬೇಕು. ಕೇಳದೆ ಕಡತ ನೋಡಿ ಆದೇಶ ಬರೆದರೆ ಹೈಕೋರ್ಟಿನಲ್ಲಿ ಅದು ನಿಲ್ಲೋದು ಕಷ್ಟ. ಒಬ್ಬರು ಕೇಳಿ ಇನ್ನೊಬ್ಬರು ತೀರ್ಮಾನಿಸಿದರೆ ವಿಚಾರಣೆ ಬರೀ ಶಾಸ್ತ್ರ ಅಂತ ಸುಪ್ರೀಂ ಕೋರ್ಟ್ ಗುಲ್ಲಪಲ್ಲಿ ನಾಗೇಶ್ವರರಾವ್ ಕೇಸಿನಲ್ಲಿ ಹೇಳಿ ಅರವತ್ತು ವರ್ಷದ ಮೇಲಾಯ್ತು. ಬೆಲ್ ಐಕಾನ್ ಒತ್ತಿ, ಇಂಥ ತೀರ್ಪುಗಳನ್ನ ಇಲ್ಲಿ ಬಿಡಿಸಿ ಹೇಳ್ತೀವಿ.

"ಕೆಎಟಿ, ಅಂದ್ರೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ, ಇದೆಯಲ್ಲ" ಅಂತೀರಾ? 136(2)ರಲ್ಲಿ ಎಸಿ ಕೊಟ್ಟ ಆದೇಶ ಕೆಎಟಿಗೆ ಹೋಗಲ್ಲ. 136(3)ರಲ್ಲಿ ಡಿಸಿ ಮುಂದೆ ರಿವಿಜನ್ (ಆದೇಶದ ಮರುಪರಿಶೀಲನೆ), ಆಮೇಲೆ ಹೈಕೋರ್ಟಿಗೆ ರಿಟ್. ಆದರೆ ಸಹಕಾರ ಸಂಘದ ವ್ಯಾಜ್ಯದ ಮೇಲ್ಮನವಿ ಹೋಗೋದು ಕೆಎಟಿಗೆ! ಸರ್ಕಾರಿ ನೌಕರರ ಸೇವಾ ತಕರಾರಾದರೆ ಕೆಎಸ್‌ಎಟಿ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ), ಒಂದಕ್ಷರ ಜಾಸ್ತಿ, ಬಾಗಿಲೇ ಬೇರೆ. ತಪ್ಪು ಬಾಗಿಲು ತಟ್ಟಿ ವಾಪಸ್ ಬರೋ ಹೊತ್ತಿಗೆ ಮೇಲ್ಮನವಿಯ 60 ದಿನ ದಾಟಿರುತ್ತೆ. ಆಮೇಲೆ ವಿಳಂಬ ಮನ್ನಿಸಿ ಅಂತ ಇನ್ನೊಂದು ಅರ್ಜಿ, ಅದಕ್ಕೂ ಒಂದು ಡೇಟು. ಒಂದೇ ಕೌಂಟರು, ಒಂದೇ ರಿಜಿಸ್ಟರು ಮಾಡಿ. ಕೇಳೋದೇ ಕೆಲಸ ಆಗಿರೋರು ಕೇಳಲಿ!

"ಕಂದಾಯದ ಪರಿಣತಿ ಬೇಕು" ಅಂತಾರೆ. ಪಹಣಿ ಓದೋದು ಏನು ರಾಕೆಟ್ ಬಿಡೋದಾ? ಆ ಪರಿಣತರನ್ನೇ ಪೂರ್ಣಾವಧಿಗೆ ಹೊಸ ಸಂಸ್ಥೆಯಲ್ಲಿ ಕೂರಿಸಿ. ಕ್ಯಾಲಿಫೋರ್ನಿಯಾ 1945ರಲ್ಲೇ ವಿಚಾರಣಾಧಿಕಾರಿಗಳನ್ನ ಇಲಾಖೆಗಳಿಂದ ಬೇರೆ ಮಾಡಿ ಒಂದೇ ಕಡೆ ಕೂರಿಸಿತು. ಅಲ್ಲೇನು ಆಕಾಶ ಕಳಚಿ ಬೀಳಲಿಲ್ಲ.

"ಖರ್ಚು!" ಅಂತೆ. ಏನು ಖರ್ಚು ಮಾರಾಯ್ರೆ? ಕಟ್ಟಡ ಇದೆ, ಕುರ್ಚಿ ಇದೆ, ಕುರ್ಚಿಯಲ್ಲಿ ಜನ ಇಲ್ಲ. ಈಗ ಕೇಳೋರಾದರೂ ಯಾರು? ತಹಶೀಲ್ದಾರರ ಆದೇಶದ ಮೇಲಿನ ಮೇಲ್ಮನವಿಗೆ ಅವರದೇ ಇಲಾಖೆಯ ಎಸಿ, ಅವರ ಮೇಲೆ ಅದೇ ಇಲಾಖೆಯ ಡಿಸಿ. ಕೇಳೋದೇ ಕೆಲಸ ಆಗಿರೋರು ಕೇಳಲಿ ಅಂದ್ರೆ ಕೇಳಲಿ, ಅಷ್ಟೇ! ಒಪ್ಪದೋರು ಕಾಮೆಂಟ್ ಹಾಕಿ. ಒಪ್ಪೋರು ಶೇರ್ ಮಾಡಿ, ಮುಖ್ಯವಾಗಿ ಎಸಿ ಕಚೇರಿ ಬೆಂಚಿನ ಮೇಲೆ ಕೂತಿರೋರಿಗೆ. ಅವರ ಹತ್ತಿರ ಟೈಮ್ ಬೇಕಾದಷ್ಟಿದೆ.